ಡಿಗ್ರಿಯಲ್ಲಿ ಅಂಕ ಕಡಿಮೆಯೇ? ಎಂಎಸ್‌ಡಬ್ಲ್ಯುಗೆ ಅರ್ಜಿ ಹಾಕುವುದು ಹೀಗೆ

ಡಿಗ್ರಿಯಲ್ಲಿ ಶೇ 50ರ ಆಸುಪಾಸು ಅಂಕ. ಒಂದೆರಡು ವಿಷಯ ಉಳಿದುಕೊಂಡು ಆಮೇಲೆ ಪಾಸಾದದ್ದು. ಇಂಥ ಮಾರ್ಕ್ಸ್ ಕಾರ್ಡ್ ಇರುವವರು ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಬೇಕು ಅಂದುಕೊಂಡರೂ ಅರ್ಜಿ ಹಾಕುವ ಮೊದಲೇ ಹಿಂದೆ ಸರಿಯುತ್ತಾರೆ. ಸರಿಯಬೇಕಿಲ್ಲ. ಬಿಎ, ಬಿಕಾಂ, ಬಿಎಸ್‌ಸಿ ಯಾವುದೇ ಆಗಲಿ, ಈ ಕೋರ್ಸಿಗೆ ಸಾಮಾನ್ಯವಾಗಿ ಅರ್ಜಿ ಹಾಕಬಹುದು. ಜೊತೆಗೆ ಇದು ಕ್ಲಾಸಿನಷ್ಟೇ ಫೀಲ್ಡ್‌ವರ್ಕ್ ಮೇಲೂ ನಿಂತಿರುವ ಓದು.

ಮೊದಲು ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ನಿಮ್ಮ ಶೇಕಡಾವಾರು ಎಷ್ಟು ಅಂತ ಸರಿಯಾಗಿ ಲೆಕ್ಕ ಹಾಕಿ. ಸಿಜಿಪಿಎ ಇದ್ದರೆ ಅದನ್ನು ಶೇಕಡಾಕ್ಕೆ ಬದಲಿಸುವ ನಿಯಮ ನಿಮ್ಮ ವಿಶ್ವವಿದ್ಯಾಲಯದ್ದೇ ಇರಲಿ. ಗೆಳೆಯರ ಲೆಕ್ಕ ನಂಬಬೇಡಿ. 44.8 ಬಂದರೆ ಅದನ್ನು ನೀವೇ 45 ಮಾಡಿಕೊಳ್ಳಬೇಡಿ, ಆಫೀಸಿನಲ್ಲಿ ಕೇಳಿ.

ಈಗ ಎರಡು ಪ್ರಶ್ನೆ ಬೇರೆ ಬೇರೆ ಇಟ್ಟುಕೊಳ್ಳಿ. ಅರ್ಜಿ ಹಾಕಲು ಬೇಕಾದ ಕನಿಷ್ಠ ಅಂಕ ಎಷ್ಟು? ಸೀಟು ಹಂಚುವುದು ಯಾವುದರ ಮೇಲೆ? ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಕನಿಷ್ಠ ಅಂಕ ಹಲವು ಕಡೆ ಶೇ 45 ಅಥವಾ 50 ಇರುತ್ತದೆ, ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಅದರಲ್ಲಿ ರಿಯಾಯಿತಿ ಸಿಗುತ್ತದೆ. ಆ ಗೆರೆ ದಾಟಿದ್ದರೆ ನೀವು ಅರ್ಹರು. ಆಮೇಲೆ ಬರೀ ಡಿಗ್ರಿ ಅಂಕದ ಮೆರಿಟ್ ನೋಡುವ ಕಡೆ ನಿಮಗೆ ಕಷ್ಟ. ಪ್ರವೇಶ ಪರೀಕ್ಷೆ ಅಥವಾ ಸಂದರ್ಶನ ಇರುವ ಕಡೆ ಅವಕಾಶ ಹೆಚ್ಚು. ಪ್ರಕಟಣೆಯಲ್ಲಿ ಮೊದಲು ಓದಬೇಕಾದದ್ದು ಆಯ್ಕೆ ವಿಧಾನದ ಪುಟ.

ದಾವಣಗೆರೆ, ಚಿತ್ರದುರ್ಗ ಕಡೆಯ ನಮಗೆ ಹತ್ತಿರದ್ದು ದಾವಣಗೆರೆ ವಿಶ್ವವಿದ್ಯಾಲಯ. 2009ರಲ್ಲಿ ಶುರುವಾದದ್ದು, ಕ್ಯಾಂಪಸ್ ತೋಳಹುಣಸೆಯ ಶಿವಗಂಗೋತ್ರಿಯಲ್ಲಿದೆ. ಚಿತ್ರದುರ್ಗ ಜಿಲ್ಲೆಯೂ ಇದರ ವ್ಯಾಪ್ತಿಗೇ ಬರುತ್ತದೆ. ಇಲ್ಲಿನ ಪ್ರಕಟಣೆ ಜೊತೆಗೆ ಬೇರೆ ವಿಶ್ವವಿದ್ಯಾಲಯಗಳದ್ದೂ, ಎಂಎಸ್‌ಡಬ್ಲ್ಯು ಇರುವ ಸಂಯೋಜಿತ ಕಾಲೇಜುಗಳದ್ದೂ ನೋಡಿ. ಒಂದೇ ಕಡೆ ಅರ್ಜಿ ಹಾಕಿ ಕೂರಬೇಡಿ.

ಡಿಗ್ರಿ ಅಂಕದ ಭಾರ ಇಳಿಸುವ ದೊಡ್ಡ ದಾರಿ ಸಿಯುಇಟಿ-ಪಿಜಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೋರ್ಸುಗಳಿಗೆ ನಡೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ, 1936ರಲ್ಲಿ ಆರಂಭವಾದ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೂ ಈ ಪರೀಕ್ಷೆಯೇ ಬಾಗಿಲು. ಇತ್ತೀಚಿನ ವರ್ಷಗಳಲ್ಲಿ 75 ಪ್ರಶ್ನೆ ಇವೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದವರು ವಿಷಯದ ಜೊತೆಗೆ ಇಂಗ್ಲಿಷ್ ಪದಗಳನ್ನೂ ರೂಢಿ ಮಾಡಿಕೊಳ್ಳಬೇಕು, ಅದಕ್ಕೆ ನಾಲ್ಕೈದು ತಿಂಗಳಾದರೂ ಬೇಕು. ಅರ್ಜಿ ಡಿಸೆಂಬರ್ ಹೊತ್ತಿಗೆ, ಪರೀಕ್ಷೆ ಮಾರ್ಚ್ ಹೊತ್ತಿಗೆ ನಡೆಯುತ್ತಿದೆ. ಅಂದರೆ ಕೊನೆಯ ಸೆಮಿಸ್ಟರ್ ಪರೀಕ್ಷೆಗಿಂತ ಮೊದಲೇ! ರಿಸಲ್ಟ್ ಬಂದ ಮೇಲೆ ನೋಡೋಣ ಅಂತ ಕಾದವರಿಗೆ ಇಡೀ ವರ್ಷ ಹೋಗುತ್ತದೆ.

ಈ ನಡುವೆ ಕೈಯಲ್ಲಿ ಒಂದಿಷ್ಟು ಕೆಲಸದ ಅನುಭವ ಇರಬೇಕು. ನನ್ನ ಪ್ರಕಾರ ಅಂಕ ಕಡಿಮೆ ಇರುವವರು ಹೆಚ್ಚು ಸಮಯ ಹಾಕಬೇಕಾದದ್ದು ಇದಕ್ಕೇ. ದೂರ ಹೋಗುವುದು ಬೇಡ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹೊಗೆ, ಬಿಸಿಯ ನಡುವೆ ದುಡಿಯುವವರ ಮಕ್ಕಳ ಶಾಲೆ, ಜಗಳೂರು ಕಡೆಯ ಫ್ಲೋರೈಡ್ ನೀರು, ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರ ಸಾಲ, ಹರಿಹರದ ಬೀಡಿ ಕಟ್ಟುವ ಹೆಂಗಸರು. ಎಲ್ಲ ನಮ್ಮ ಸುತ್ತಲೇ ಇರುವ ವಿಷಯ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ವೃದ್ಧಾಶ್ರಮ, ಸ್ತ್ರೀಶಕ್ತಿ ಸಂಘಗಳ ಒಕ್ಕೂಟ, ಊರಿನ ಸ್ವಯಂಸೇವಾ ಸಂಸ್ಥೆ: ಯಾವುದಾದರೂ ಒಂದು ಕಡೆ ಹೋಗಿ ಕೇಳಿ. ವಾರಕ್ಕೆ ಎರಡು ದಿನ, ಮೂರ್ನಾಲ್ಕು ತಿಂಗಳು. ಒಂದು ದಿನದ ಶಿಬಿರದಲ್ಲಿ ಬ್ಯಾನರ್ ಹಿಡಿದ ಫೋಟೊಗೆ ಯಾರೂ ಬೆಲೆ ಕೊಡುವುದಿಲ್ಲ. ಹೋದ ದಿನದ್ದು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಯಾರನ್ನು ಭೇಟಿಯಾದಿರಿ, ಏನು ಮಾಡಿದಿರಿ, ಏನು ಆಗಲಿಲ್ಲ. ಜನರ ಹೆಸರು ಮಾತ್ರ ಬೇಡ. ಮುಗಿದಾಗ ದಿನಾಂಕ, ಮಾಡಿದ ಕೆಲಸ, ಸಹಿ, ಸೀಲು ಇರುವ ಪತ್ರ ತೆಗೆದುಕೊಳ್ಳಿ.

ಉದ್ದೇಶ ಪತ್ರ (ಈ ಕೋರ್ಸ್ ಯಾಕೆ ಅಂತ ನೀವು ಬರೆಯುವ ಪತ್ರ) ಕೇಳುವ ಕಡೆ, ಕಡಿಮೆ ಅಂಕದ ವಿಷಯವನ್ನು ಮುಚ್ಚಿಡಬೇಡಿ. ಪುಟಗಟ್ಟಲೆ ಗೋಳೂ ಬೇಡ. ನಾಲ್ಕೈದು ಸಾಲು ಸಾಕು, ಹೀಗೆ:

“ನಾಲ್ಕನೇ ಸೆಮಿಸ್ಟರ್‌ನಲ್ಲಿ ತಂದೆಗೆ ಹುಷಾರಿರಲಿಲ್ಲ. ಬೆಳಗ್ಗೆ ಅಂಗಡಿಯಲ್ಲಿ ಕೆಲಸ ಮಾಡಿ ಕಾಲೇಜಿಗೆ ಹೋಗುತ್ತಿದ್ದೆ. ಎರಡು ವಿಷಯ ಉಳಿದವು. ಮುಂದಿನ ವರ್ಷ ಎರಡನ್ನೂ ಪಾಸು ಮಾಡಿದೆ. ಕೊನೆಯ ಸೆಮಿಸ್ಟರ್‌ನಲ್ಲಿ ನನ್ನ ಅಂಕ ಏರಿದೆ.”

ಇಲ್ಲಿ ಕಾರಣ ಇದೆ, ಆಮೇಲೆ ಏನು ಮಾಡಿದಿರಿ ಅನ್ನುವುದೂ ಇದೆ. ಹೇಳುವಂಥ ಕಾರಣ ಇಲ್ಲ, ಓದಲಿಲ್ಲ ಅಷ್ಟೇ ಅನ್ನುವುದಾದರೆ ಹಾಗೇ ಬರೆಯಿರಿ. ಅದಕ್ಕಾಗಿ ಅಜ್ಜಿಯನ್ನು ಸಾಯಿಸಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. “ಚಿಕ್ಕಂದಿನಿಂದಲೂ ಸಮಾಜಸೇವೆ ನನ್ನ ಕನಸು” ಅನ್ನುವ ಸಾಲೂ ಬೇಡ, ಅದನ್ನು ಎಲ್ಲರೂ ಬರೆಯುತ್ತಾರೆ. ನೋಟ್‌ಬುಕ್‌ನಿಂದ ಒಂದು ಘಟನೆ ಎತ್ತಿಕೊಳ್ಳಿ. ಸಂದರ್ಶನದಲ್ಲೂ ಅದೇ ಕೈ ಹಿಡಿಯುತ್ತದೆ.

ಕಾಗದಪತ್ರದಲ್ಲಿ ಒಂದು ಎಚ್ಚರಿಕೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ ನಡೆಯುತ್ತದೆ. ಕೇಂದ್ರೀಯ ಸಂಸ್ಥೆಗಳಲ್ಲಿ ಒಬಿಸಿ ಮೀಸಲಾತಿ ಕೇಳಬೇಕಾದರೆ ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು. 2ಎ, 3ಬಿ ಅಂತ ಬರೆದ ಕಾಗದ ಅಲ್ಲಿ ಸಾಲದು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಅಂತಲೂ ನೋಡಿಕೊಳ್ಳಿ.

ಎಲ್ಲೂ ಸೀಟು ಸಿಗದಿದ್ದರೆ ದೂರಶಿಕ್ಷಣ ಕೊಡುವ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಇದೆ. ಅದರ ಎಂಎಸ್‌ಡಬ್ಲ್ಯುಗೆ ಪದವಿ ಇದ್ದರೆ ಸಾಕು, ಇಷ್ಟೇ ಅಂಕ ಬೇಕು ಅಂತ ಇಲ್ಲ. ಕನಿಷ್ಠ ಎರಡು ವರ್ಷ, ಫೀಲ್ಡ್‌ವರ್ಕ್ ಅಲ್ಲೂ ಕಡ್ಡಾಯ. ಕೆಲಸ ಮಾಡಿಕೊಂಡು ಓದುವವರಿಗೆ ಇದೇ ಅನುಕೂಲ ಅನ್ನಿಸಬಹುದು. “ಪರೀಕ್ಷೆ ಇಲ್ಲದೆ ಎಂಎಸ್‌ಡಬ್ಲ್ಯು ಕೊಡಿಸುತ್ತೇವೆ” ಅನ್ನುವ ಏಜೆಂಟರ ಹತ್ತಿರ ಮಾತ್ರ ಹೋಗಬೇಡಿ. ದೂರಶಿಕ್ಷಣದ ಕೋರ್ಸ್ ಯಾವುದೇ ಇರಲಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ನೋಡಿಯೇ ದುಡ್ಡು ಕಟ್ಟಿ.

ಡಿಗ್ರಿ ಅಂಕ ಮುಂದೆಯೂ ಕಾಡುತ್ತದಾ ಅಂತ ಕೆಲವರು ಕೇಳುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುವ ಆಸೆ ಇದ್ದವರು ಬರೆಯುವ ಅರ್ಹತಾ ಪರೀಕ್ಷೆ ಯುಜಿಸಿ-ನೆಟ್‌ನಲ್ಲಿ ಸಮಾಜಕಾರ್ಯವೂ ಒಂದು ವಿಷಯ. ಎಂಎಸ್‌ಡಬ್ಲ್ಯು ಮಾಡಿ ಅದನ್ನು ಬರೆಯುವವರಿಗೆ ಲೆಕ್ಕಕ್ಕೆ ಬರುವುದು ಸ್ನಾತಕೋತ್ತರದ ಅಂಕ. ಸಾಮಾನ್ಯ ವರ್ಗಕ್ಕೆ ಶೇ 55, ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲರಿಗೆ ಶೇ 50.