ಮಕ್ಕಳು ಮರಿ ಕಟ್ಕೊಂಡು ಕೊಡಗಿನ ಬೆಟ್ಟ ಹತ್ತೋದಾದ್ರೆ, ಮೊದ್ಲು ಅಮ್ಮನ ಮಂಡಿ ಕೇಳಿ

ಡಿಸೆಂಬರ್ ಬಂತು ಅಂದ್ರೆ ನಮ್ಮನೆ ಫೋನಿಗೆ ಬಿಡುವೇ ಇಲ್ಲ. ಬೆಂಗ್ಳೂರಿನ ದೊಡ್ಡಮ್ಮನ ಮಗ, ಮೈಸೂರಿನ ಅತ್ತಿಗೆ ಅಣ್ಣ, ಅವ್ರ ಆಫೀಸಿನವ್ರು, ಎಲ್ರದ್ದೂ ಒಂದೇ ಪ್ರಶ್ನೆ: "ಶನಿವಾರ ಬಂದು ಭಾನುವಾರ ಹೋಗ್ತೀವಿ, ತಡಿಯಂಡಮೋಳ್, ಮಾಂದಲಪಟ್ಟಿ, ದುಬಾರೆ, ನಾಗರಹೊಳೆ ಸಫಾರಿ, ಇರ್ಪು, ತಲಕಾವೇರಿ ಎಲ್ಲಾ ಆಗುತ್ತಲ್ವಾ?" ಆಗುತ್ತೆ, ಕಾರಿನ ಕಿಟಕಿಯಿಂದ ನೋಡಿದ್ರೆ ಆಗುತ್ತೆ. ಜಿಲ್ಲೆ ಮ್ಯಾಪಲ್ಲಿ ಅಂಗೈಯಷ್ಟು ಕಾಣುತ್ತೆ, ಆದ್ರೆ ಇಲ್ಲಿ 40 ಕಿಲೋಮೀಟರ್ ಅಂದ್ರೆ ಒಂದೂವರೆ ಗಂಟೆ ಅಂತ ಲೆಕ್ಕ ಹಾಕ್ಕೊಳ್ಳಿ, ಮಧ್ಯ ಒಂದು ಮಗು ವಾಂತಿ ಮಾಡ್ಕೊಂಡ್ರೆ ಎರಡು ಗಂಟೆ.

ಹಂಗಾಗಿ ನಾನು ಎಲ್ರಿಗೂ ಹೇಳೋದು ಇಷ್ಟೇ, ದಿನಕ್ಕೆ ಒಂದೇ ದೊಡ್ಡ ಕೆಲ್ಸ ಇಟ್ಕೊಳ್ಳಿ, ಮತ್ತೆ ಆ ಕೆಲ್ಸನ ಮನೇಲಿ ಎಲ್ರಿಗಿಂತ ನಿಧಾನ ನಡೆಯೋರ ಕಾಲಿಗೆ ತಕ್ಕಂತೆ ಆರಿಸಿ. ಯಜಮಾನ್ರು ಜಿಮ್ಮಿಗೆ ಹೋಗ್ತಾರೆ ಅಂತ ಬೆಟ್ಟ ಆರಿಸಬೇಡಿ. ಆರು ವರ್ಷದ ಪುಟ್ಟಿ ಮತ್ತೆ ಅರವತ್ತೈದರ ಅಮ್ಮ ಇದಾರಲ್ಲ, ಪ್ಲಾನ್ ಅವ್ರದ್ದು.

ಯಾವಾಗ ಬರ್ಬೇಕು ಅನ್ನೋದು ಮೊದ್ಲು. ಅಕ್ಟೋಬರ್ ಕೊನೆಯಿಂದ ಜನವರಿ ತನಕ ಬೆಟ್ಟಕ್ಕೆ ಒಳ್ಳೆ ಸಮಯ, ಹುಲ್ಲು ಇನ್ನೂ ಹಸಿರು, ಹಳ್ಳದಲ್ಲಿ ನೀರಿರುತ್ತೆ, ಬೆಳಿಗ್ಗೆ ಹಲ್ಲು ಕಟಕಟ ಅನ್ನೋ ಚಳಿ. ಫೆಬ್ರವರಿ ಮುಗಿದ್ಮೇಲೆ ಹುಲ್ಲೆಲ್ಲ ಒಣಗಿ ಕಾಡ್ಗಿಚ್ಚಿನ ಭಯ ಶುರು, ಅರಣ್ಯ ಇಲಾಖೆಯವ್ರು ಟ್ರೆಕ್ಕಿಂಗ್ ನಿಲ್ಲಿಸಿಬಿಡ್ತಾರೆ, ಅದಕ್ಕೆ ಬೇಸಿಗೆ ರಜೆಗೆ ಬರೋರು ಬೆಟ್ಟನೇ ಗುರಿ ಅಂತ ಇಟ್ಕೋಬೇಡಿ. ಆದ್ರೆ ಬೇಸಿಗೆಯಲ್ಲಿ ಪ್ರಾಣಿಗಳು ಚೆನ್ನಾಗಿ ಕಾಣ್ತವೆ, ಕಾಡೊಳಗೆ ನೀರು ಕಮ್ಮಿಯಾಗಿ ಎಲ್ಲಾ ಕೆರೆ ಹತ್ರ ಬರ್ತವಲ್ಲ. ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆ, ಬಿದ್ದ ಎಂಟು ಹತ್ತು ದಿನಕ್ಕೆ ಬಂದ್ರೆ ತೋಟವೆಲ್ಲ ಬಿಳೀ ಕಾಫಿ ಹೂವು, ಆ ವಾಸನೆಗೆ ಏನೂ ಪ್ಲಾನೇ ಬೇಡ, ಸುಮ್ನೆ ಜಗಲಿ ಮೇಲೆ ಕೂತ್ರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮಳೆ ನೋಡೋಕೆ ಬನ್ನಿ, ಬೆಟ್ಟ ಹತ್ತೋಕೆ ಬೇಡ. 2018ರ ಆಗಸ್ಟಲ್ಲಿ ಇಲ್ಲಿ ಗುಡ್ಡಗಳು ಹೆಂಗೆ ಜಾರಿದ್ವು ಅಂತ ನೋಡಿದವ್ರು ಯಾರೂ ಆ ತಿಂಗಳಲ್ಲಿ ಮಕ್ಕಳನ್ನ ಕರ್ಕೊಂಡು ಬನ್ನಿ ಅನ್ನಲ್ಲ.

ಆಮೇಲೆ ಎಲ್ಲಿ ಉಳ್ಕೋಬೇಕು ಅನ್ನೋದು. ಇಲ್ಲೇ ಎಲ್ರೂ ಎಡವೋದು. ಮಡಿಕೇರಿಯಲ್ಲಿ ರೂಮ್ ಮಾಡ್ಕೊಂಡು ದಿನಾ ನಾಲ್ಕು ದಿಕ್ಕಿಗೆ ಓಡ್ತಾರೆ. ಕೊಡಗನ್ನ ಮೂರು ತುಂಡು ಅಂದ್ಕೊಳ್ಳಿ. ಪಶ್ಚಿಮಕ್ಕೆ ಕಕ್ಕಬ್ಬೆ, ನಾಪೋಕ್ಲು ಕಡೆ ಬೆಟ್ಟ. ದಕ್ಷಿಣಕ್ಕೆ ಶ್ರೀಮಂಗಲ, ಕುಟ್ಟ ಕಡೆ ಕಾಡು, ಇರ್ಪು ಜಲಪಾತ, ನಾಗರಹೊಳೆ. ಪೂರ್ವಕ್ಕೆ ಕುಶಾಲನಗರದ ಕಡೆ ಹೊಳೆ, ಆನೆ ಕ್ಯಾಂಪ್. ನಾಲ್ಕು ದಿನ ಇದ್ರೆ ಎರಡು ರಾತ್ರಿ ಕಕ್ಕಬ್ಬೆ ಕಡೆ, ಒಂದು ಇಲ್ಲ ಎರಡು ರಾತ್ರಿ ಕುಟ್ಟ ಕಡೆ, ಅಷ್ಟೇ. ಎರಡೇ ದಿನ ಅಂದ್ರೆ ಒಂದು ತುಂಡು ಮಾತ್ರ, ಇನ್ನುಳಿದದ್ದು ಮುಂದಿನ ವರ್ಷಕ್ಕೆ, ಬೆಟ್ಟ ಎಲ್ಲೂ ಹೋಗಲ್ಲ.

ಹೋಮ್‌ಸ್ಟೇ ಬುಕ್ ಮಾಡೋ ಮುಂಚೆ ಫೋಟೋ ನೋಡೋ ಬದ್ಲು ಫೋನ್ ಮಾಡಿ ಕೇಳಿ: ಟ್ರೆಕ್ ಶುರುವಾಗೋ ಜಾಗಕ್ಕೆ ನಿಜವಾಗ್ಲೂ ಎಷ್ಟು ದೂರ, ನಮ್ಮ ಕಾರು ಮನೆ ಅಂಗಳದ ತನಕ ಬರುತ್ತಾ ಇಲ್ಲ ಜೀಪ್ ಮಾಡ್ಬೇಕಾ, ಕರೆಂಟ್ ಹೋದ್ರೆ ಏನು, ಯಾವ ಸಿಮ್ಮಿಗೆ ಸಿಗ್ನಲ್, ಬೆಳಿಗ್ಗೆ ಆರಕ್ಕೆ ತಿಂಡಿ ಕಟ್ಟಿ ಕೊಡ್ತೀರಾ. ನಮ್ಮ ಭಾವ ಒಂದ್ಸಲ "ಬೆಟ್ಟದ ಬುಡದಲ್ಲೇ" ಅಂತ ಬರ್ದಿದ್ದನ್ನ ನಂಬಿ ದುಡ್ಡು ಕಟ್ಟಿದ್ರು, ಹೋಗಿ ನೋಡಿದ್ರೆ ಬುಡ ಅಂದ್ರೆ 14 ಕಿಲೋಮೀಟರ್. ಊಟದ ವಿಷ್ಯನೂ ಮೊದ್ಲೇ ಹೇಳ್ಬಿಡಿ. ಪಂದಿ ಕರಿ (ಹಂದಿ ಮಾಂಸದ ಸಾರು), ಕಡುಂಬುಟ್ಟು (ಅಕ್ಕಿ ಕಡುಬು) ಮಾಡೋ ಮನೆಗೆ ಹೋಗಿ ರಾತ್ರಿ ಎಂಟಕ್ಕೆ ನಾವು ಪ್ಯೂರ್ ವೆಜ್ ಅಂದ್ರೆ ಅವ್ರಿಗೂ ಕಷ್ಟ ನಿಮಗೂ ಕಷ್ಟ. ಮುಂಚೆ ಹೇಳಿದ್ರೆ ಬಿದಿರು ಕಳಲೆ, ಅಣಬೆ, ಅಕ್ಕಿ ರೊಟ್ಟಿ, ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಅಂತ ಚೆನ್ನಾಗೇ ಬಡಿಸ್ತಾರೆ.

ಈಗ ಬೆಟ್ಟ. ಟ್ರೆಕ್ಕಿಗೆ ಬರೋ ಮೂರು ವಾರ ಮುಂಚೆ ಒಂದು ಪರೀಕ್ಷೆ ಮಾಡಿ. ಮಕ್ಕಳನ್ನೂ ಅಮ್ಮನ್ನೂ ಕರ್ಕೊಂಡು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳೀರಿ, ಬೆಂಗ್ಳೂರಿನವ್ರಾದ್ರೆ ಯಾವ್ದಾದ್ರೂ ಸಣ್ಣ ಗುಡ್ಡ. ಮಾರನೇ ದಿನ ಯಾರು ಮೆಟ್ಟಿಲು ಇಳಿವಾಗ ಅಯ್ಯಪ್ಪಾ ಅಂತಾರೆ ಅಂತ ನೋಡಿ. ಎಲ್ರೂ ಸರಿ ಇದ್ರೆ ತಡಿಯಂಡಮೋಳ್. ಯಾರಾದ್ರೂ ನರಳಿದ್ರೆ ಮಾಂದಲಪಟ್ಟಿ, ಅಲ್ಲಿಗೆ ಜೀಪ್ ಹೋಗುತ್ತೆ, ಮೇಲೆ ಸ್ವಲ್ಪ ನಡೆದ್ರೆ ಸುತ್ತ ಹುಲ್ಲುಬೆಟ್ಟ, ಮಂಜು, ಅಜ್ಜಿಗೂ ಖುಷಿ. ಜೀಪ್ ಕುಲುಕಾಟಕ್ಕೆ ಸೊಂಟ ನೋವಿರೋರು ಮುಂದಿನ ಸೀಟಲ್ಲಿ ಕೂರ್ಲಿ.

ತಡಿಯಂಡಮೋಳ್ ನಮ್ಮ ಜಿಲ್ಲೆಯ ಎತ್ತರದ ಬೆಟ್ಟ, 1748 ಮೀಟರ್. ಶುರುವಾಗೋದು ಕಕ್ಕಬ್ಬೆ ಹತ್ರದ ನಾಲ್ಕುನಾಡು ಅರಮನೆಯಿಂದ. ಅರಮನೆ ಅಂದ್ರೆ ಮೈಸೂರು ಅರಮನೆ ನೆನೆಸ್ಕೊಂಡು ಬರ್ಬೇಡಿ, ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಾಡಿನ ಅಂಚಿಗೆ ಕಟ್ಸಿದ ಹೆಂಚಿನ ಎರಡಂತಸ್ತಿನ ಮನೆ, ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಂದ ತಪ್ಪಿಸ್ಕೊಂಡು ಇಲ್ಲಿ ಅಡಗಿದ್ದ ಅಂತಾರೆ. ಮಕ್ಕಳಿಗೆ ಈ ಕಥೆ ಹೇಳಿ ಶುರು ಮಾಡಿದ್ರೆ ಮೊದಲ ಒಂದು ಕಿಲೋಮೀಟರ್ ಗೊತ್ತೇ ಆಗಲ್ಲ. ಅಲ್ಲಿಂದ ತುದಿಗೆ ಹೆಚ್ಚುಕಮ್ಮಿ ಆರು ಏಳು ಕಿಲೋಮೀಟರ್. ಮೊದಲರ್ಧ ತೋಟದ ಪಕ್ಕದ ಜೀಪ್ ರಸ್ತೆ, ಏರು ಇದೆ ಆದ್ರೆ ಮೋಸ ಇಲ್ಲ. ಆಮೇಲೆ ಒಂದು ಹಳ್ಳ, ಹುಲ್ಲುಗಾವಲು, ದೊಡ್ಡ ಬಂಡೆ. ನಿಜವಾದ ಬೆಟ್ಟ ಶುರುವಾಗೋದು ಕೊನೆಯ ಭಾಗದಲ್ಲಿ, ಶೋಲಾ, ಅಂದ್ರೆ ಹುಲ್ಲುಬೆಟ್ಟದ ಮಡಿಲಲ್ಲಿರೋ ದಟ್ಟ ಕಾಡಿನೊಳಗೆ ಬೇರು ಹಿಡ್ಕೊಂಡು ಹತ್ತೋ ಜಾಗ, ಕಡಿದಾಗಿದೆ, ಮಣ್ಣು ಜಾರುತ್ತೆ. ಎಂಟು ವರ್ಷ ದಾಟಿದ ಮಕ್ಕಳು ಹತ್ತುತಾರೆ, ಚಿಕ್ಕವ್ರಿಗೆ ಆ ಬಂಡೆನೇ ಶಿಖರ ಅಂತ ಹೇಳ್ಬಿಡಿ, ಅಲ್ಲಿಂದಲೂ ನೋಟ ಭರ್ಜರಿ, ಅಮ್ಮನ ಜೊತೆ ಅಲ್ಲೇ ಕೂತು ಬುತ್ತಿ ಬಿಚ್ಲಿ, ಉಳಿದವ್ರು ಮೇಲೆ ಹೋಗಿ ಬರ್ಲಿ.

ನಾವು ಮಾಡಿದ ತಪ್ಪು ಹೇಳ್ತೀನಿ. ಮೂರು ವರ್ಷದ ಹಿಂದೆ ಅಕ್ಕನ ಮನೆಯವ್ರು ಬಂದಿದ್ರು, ಕಡುಬು ತಿಂದು, ಇನ್ನೊಂದು ಕಾಫಿ ಕುಡ್ದು, ಫೋಟೋ ತೆಗ್ದು ನಡೆಯೋಕೆ ಶುರು ಮಾಡುವಾಗ ಹತ್ತೂವರೆ. ಹುಲ್ಲುಗಾವಲಿಗೆ ಬರೋ ಹೊತ್ತಿಗೆ ಸೂರ್ಯ ನೆತ್ತಿ ಮೇಲೆ, ಒಂದು ಮರದ ನೆರಳಿಲ್ಲ, ಐದು ಜನಕ್ಕೆ ಮೂರು ಬಾಟ್ಲಿ ನೀರು, ಚಿಕ್ಕವ್ನು ಅಲ್ಲೇ ಕೂತು ನಾನು ಇನ್ನು ಒಂದು ಹೆಜ್ಜೆನೂ ಇಡಲ್ಲ ಅಂದ. ಇಳಿಯುವಾಗ ಭಾವ ಅವನನ್ನ ಹೆಗಲ ಮೇಲೆ ಹೊತ್ಕೊಂಡು ಬಂದ್ರು, ಆಮೇಲೆ ಎರಡು ದಿನ ಅವ್ರು ಮಂಚ ಬಿಟ್ಟು ಏಳ್ಲಿಲ್ಲ. ಬೆಳಿಗ್ಗೆ ಆರೂವರೆಗೆ ಹೆಜ್ಜೆ ಹಾಕಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ. ಮಕ್ಕಳ ಜೊತೆ ಹತ್ತೋಕೆ ನಾಲ್ಕು ಗಂಟೆ, ಇಳಿಯೋಕೆ ಎರಡೂವರೆ ಮೂರು ಅಂತ ಇಟ್ಕೊಳ್ಳಿ. ಒಬ್ಬೊಬ್ರಿಗೆ ಎರಡು ಲೀಟರ್ ನೀರು, ಹಳ್ಳದ ನೀರು ಸಿಗುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ಇನ್ನೊಂದು ಮಾತು, ಎಷ್ಟೇ ಹತ್ತಿರ ಬಂದಿದ್ರೂ ಹನ್ನೆರಡಕ್ಕೆ ವಾಪಸ್ ತಿರುಗ್ಬೇಕು ಅಂತ ಮನೇಲೇ ಮಾತಾಡ್ಕೊಂಡು ಬನ್ನಿ, ಬೆಟ್ಟದ ಮೇಲೆ ಮಾತಾಡಿದ್ರೆ ಜಗಳ ಆಗುತ್ತೆ.

ಇರ್ಪು ಜಲಪಾತದ ಪಕ್ಕದಿಂದ ಹತ್ತೋ ಬ್ರಹ್ಮಗಿರಿ ನನಗೆ ತಡಿಯಂಡಮೋಳ್‌ಗಿಂತ ಇಷ್ಟ. ಅದು ಬ್ರಹ್ಮಗಿರಿ ವನ್ಯಧಾಮದ ಒಳಗೆ ಹೋಗೋ ದಾರಿ, ಇಲಾಖೆಯ ಅನುಮತಿ, ಜೊತೆಗೆ ಗೈಡ್ ಬೇಕೇ ಬೇಕು, ದಾರಿ ಉದ್ದ, ಆನೆ ಇರೋ ಕಾಡು. ಹೈಸ್ಕೂಲ್ ಮಕ್ಕಳಿದ್ರೆ ಯೋಚ್ನೆ ಮಾಡಿ. ಚಿಕ್ಕವ್ರಿದ್ರೆ ಇರ್ಪು ರಾಮೇಶ್ವರ ದೇವಸ್ಥಾನಕ್ಕೆ ಕೈಮುಗ್ದು, ಲಕ್ಷ್ಮಣತೀರ್ಥ ಹೊಳೆ ಬೀಳೋ ಜಾಗದ ತನಕ ಮೆಟ್ಟಿಲು ಹತ್ತಿ, ತಣ್ಣೀರು ಮುಖಕ್ಕೆ ಹಾಕ್ಕೊಂಡು ಬನ್ನಿ, ಅದೇ ಒಂದು ದಿನದ ಸುಖ. ಪುಷ್ಪಗಿರಿ, ಅದೇ ಕುಮಾರಪರ್ವತ, ಸೋಮವಾರಪೇಟೆ ಕಡೆಯಿಂದ್ಲೂ ಹತ್ತಬಹುದು, ಆದ್ರೆ ಫ್ಯಾಮಿಲಿ ಟ್ರಿಪ್ಪಿಗೆ ಬೇಡ, ಮುಗೀತು.

ಬುಕಿಂಗ್ ವಿಷ್ಯ: ಈಗ ಚಾರಣದ ಟಿಕೆಟ್ ಆನ್‌ಲೈನ್, ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಲ್ಲಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರ ಬೇಗ ಖಾಲಿ. ಆಗೋದಾದ್ರೆ ವಾರದ ಮಧ್ಯ ಇಟ್ಕೊಳ್ಳಿ. ಎಲ್ರ ಗುರುತಿನ ಚೀಟಿ ತನ್ನಿ, ಟಿಕೆಟನ್ನ ಮೊಬೈಲಲ್ಲಿ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಗೇಟಲ್ಲಿ ನಿಂತು ನೆಟ್‌ವರ್ಕ್ ಹುಡುಕೋರನ್ನ ನೋಡಿ ನೋಡಿ ಸಾಕಾಗಿದೆ. ಬೆಟ್ಟದ ಮೇಲೆ ಟೆಂಟ್ ಹಾಕೋಕೆ ಬಿಡಲ್ಲ, ಯಾರಾದ್ರೂ "ನಾವು ಅಡ್ಜಸ್ಟ್ ಮಾಡ್ತೀವಿ" ಅಂದ್ರೆ ನಂಬ್ಬೇಡಿ, ರಾತ್ರಿ ಸಿಕ್ಕಿಬಿದ್ರೆ ಅವ್ರು ಇರಲ್ಲ, ನೀವಿರ್ತೀರ.

ಬ್ಯಾಗಿಗೆ ಹೆಚ್ಚೇನೂ ಬೇಡ. ಹೊಸ ಶೂ ಬೇಡ, ಹಳೇದಾದ್ರೂ ಅಡಿ ಸವೆಯದೇ ಇರೋದು. ಉದ್ದ ತೋಳಿನ ಶರ್ಟು, ಟೋಪಿ, ಒಂದು ವಿಷಲ್ ಒಂದೊಂದು ಮಗುವಿನ ಕುತ್ತಿಗೆಗೆ, ಟಾರ್ಚು, ಚಿತ್ರಾನ್ನ ಬೇಡ ಹಳಸುತ್ತೆ, ಚಪಾತಿ ಚಟ್ನಿಪುಡಿ, ಕಡಲೆಬೀಜ, ಬೆಲ್ಲ, ಕಿತ್ತಳೆ. ಘಾಟಿ ತಿರುವಿಗೆ ಹೊಟ್ಟೆ ತೊಳಸೋ ಮಕ್ಕಳಿಗೆ ಹೊರಡೋ ಮುಂಚೆ ಮಸಾಲೆ ದೋಸೆ ತಿನ್ನಿಸ್ಬೇಡಿ, ಕೈಯಲ್ಲಿ ಒಂದು ನಿಂಬೆಹಣ್ಣು ಕೊಟ್ಟು ಮುಂದೆ ಕೂರಿಸಿ.

ಜಿಗಣೆ ಬಗ್ಗೆ ಎಲ್ರಿಗೂ ಭಯ. ಮಳೆಗಾಲದಲ್ಲಿ ಮತ್ತೆ ಅದು ಮುಗಿದ ಒಂದೆರಡು ತಿಂಗಳು ಕಾಡು ದಾರಿಯಲ್ಲಿ ಇದ್ದೇ ಇರುತ್ತೆ, ಮೊಣಕಾಲಿನ ತನಕ ಬರೋ ಲೀಚ್ ಸಾಕ್ಸ್ ಸಿಗುತ್ತೆ, ಇಲ್ಲಾಂದ್ರೆ ಪ್ಯಾಂಟನ್ನ ಸಾಕ್ಸೊಳಗೆ ತುರುಕಿ ಮೇಲೆ ಬೇವಿನೆಣ್ಣೆ ಇಲ್ಲ ಹೊಗೆಸೊಪ್ಪಿನ ನೀರು ಸವರಿ. ಕಚ್ಚಿದ್ರೆ ಕಿತ್ತು ಎಳೀಬೇಡಿ, ಉಗುರಿನಿಂದ ಬಾಯಿ ಇರೋ ಕಡೆ ಮೆಲ್ಲಗೆ ಜಾರಿಸಿ, ತೊಳ್ದು ಒತ್ತಿ ಹಿಡೀರಿ, ರಕ್ತ ಸ್ವಲ್ಪ ಹೊತ್ತು ಸುರಿಯುತ್ತೆ, ಅದು ನೋಡೋಕೆ ಮಾತ್ರ ಘೋರ. ಬೇಸಿಗೆಯಲ್ಲಿ ಜಿಗಣೆ ಬದ್ಲು ಉಣ್ಣೆ ಹುಳದ (ಉಣುಗು) ಕಾಟ. ಅದು ಕಾಣಿಸಲ್ಲ, ರಾತ್ರಿ ಸ್ನಾನ ಮಾಡಿಸುವಾಗ ಮಕ್ಕಳ ಕಂಕುಳು, ಕಿವಿ ಹಿಂದೆ ನೋಡಿ.

ಇನ್ನು ಪ್ರಾಣಿಗಳು. ನಾಗರಹೊಳೆಗೆ ಕೊಡಗಿನ ಕಡೆಯಿಂದ ಕುಟ್ಟ ಹತ್ರದ ನಾಣಚ್ಚಿ ಗೇಟಲ್ಲಿ ಸಫಾರಿ, ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನದ ಮೇಲೆ ಒಂದು. ಬರೋ ಮುಂಚೆ ನಡೀತಿದೆಯಾ ಅಂತ ಕೇಳ್ಲೇಬೇಕು, 2025ರ ನವೆಂಬರಲ್ಲಿ ಹುಲಿ ದಾಳಿಗಳಾದ್ಮೇಲೆ ಬಂಡೀಪುರ, ನಾಗರಹೊಳೆ ಎರಡ್ರಲ್ಲೂ ಸಫಾರಿ ನಿಲ್ಲಿಸಿದ್ರು. ಮಕ್ಕಳಿಗೆ ಹುಲಿ ತೋರಿಸ್ತೀನಿ ಅಂತ ಮಾತ್ರ ಮಾತು ಕೊಡ್ಬೇಡಿ. ನಾನು ಹುಟ್ಟಿ ಬೆಳೆದಿದ್ದು ಇಲ್ಲೇ, ಹುಲಿ ನೋಡಿರೋದು ಎರಡೇ ಸಲ. ಅದ್ರ ಬದ್ಲು ಒಂದು ಪುಸ್ತಕ ಕೊಟ್ಟು ಎಣಿಸೋಕೆ ಹೇಳಿ: ಕಾಟಿ (ಕಾಡುಕೋಣ) ಎಷ್ಟು, ಕಡವೆ ಎಷ್ಟು, ಕೆಂಚಳಿಲು, ನವಿಲು, ಸೀಳುನಾಯಿ ಕಂಡ್ರೆ ಬೋನಸ್. ನಮ್ಮ ಅಕ್ಕನ ಮಗಳು ಎಪ್ಪತ್ತಮೂರು ಚುಕ್ಕಿಜಿಂಕೆ ಅಂತ ಬರ್ಕೊಂಡು ಇವತ್ತಿಗೂ ಹೇಳ್ಕೊಂಡು ತಿರುಗ್ತಾಳೆ. ಕೆಂಪು ಹಳದಿ ಬಟ್ಟೆ ಬೇಡ, ಸೆಂಟು ಬೇಡ, ಬೆಳಿಗ್ಗೆ ಸಫಾರಿಗೆ ಸ್ವೆಟರ್, ಕುಲಾವಿ ಮರೀಬೇಡಿ.

ಆನೆನ ಹತ್ತಿರದಿಂದ ನೋಡ್ಬೇಕು ಅಂದ್ರೆ ಕುಶಾಲನಗರದ ಕಡೆಯ ದುಬಾರೆ ಆನೆ ಕ್ಯಾಂಪ್, ಕಾವೇರಿ ದಾಟಿ ಹೋಗ್ಬೇಕು, ಬೆಳಿಗ್ಗೆ ಆನೆ ಸ್ನಾನದ ಹೊತ್ತಿಗೇ ಹೋಗಿ, ತಡ ಆದ್ರೆ ಬೋಟಿನ ಕ್ಯೂ ಮಾತ್ರ ನೋಡ್ತೀರ. ಜನ ಕಮ್ಮಿ ಇರ್ಬೇಕು ಅಂದ್ರೆ ಹುಣಸೂರು ಗೋಣಿಕೊಪ್ಪ ರಸ್ತೆಯ ಮತ್ತಿಗೋಡು ಶಿಬಿರ, 2020ರಿಂದ ದಸರಾ ಅಂಬಾರಿ ಹೊತ್ತ ಅಭಿಮನ್ಯು ಅಲ್ಲಿಯವ್ನು.

ಕಾಡಾನೆ ಮಾತ್ರ ಬೇರೆ ವಿಷ್ಯ, ಇದನ್ನ ದಯವಿಟ್ಟು ಓದಿ. ಕೊಡಗಲ್ಲಿ ಆನೆ ನೋಡೋಕೆ ಕಾಡಿಗೇ ಹೋಗ್ಬೇಕು ಅಂತಿಲ್ಲ, ಸಿದ್ದಾಪುರ, ಮಾಲ್ದಾರೆ ಕಡೆ ಕಾಫಿ ತೋಟದೊಳಗೇ ಇರ್ತವೆ, ಹಲಸಿನ ಹಣ್ಣಿನ ಕಾಲದಲ್ಲಿ ಅಂಗಳಕ್ಕೂ ಬರ್ತವೆ. ನೀವು ಮಂಜಲ್ಲಿ ವಾಕ್ ಹೋಗಿ ಬರ್ತೀವಿ ಅಂತ ಬೆಳಿಗ್ಗೆ ಐದೂವರೆಗೆ ತೋಟಕ್ಕಿಳೀತೀರ, ಗಿಡಗಳ ಮಧ್ಯ ಹತ್ತಡಿ ದೂರದಲ್ಲಿ ನಿಂತ ಆನೆ ನಿಮಗೆ ಕಾಣಲ್ಲ. ತೋಟದ ಕೆಲ್ಸದವ್ರು ಹೋಗ್ಬೇಡಿ ಅಂದ್ರೆ ಹೋಗ್ಬೇಡಿ, ಆನೆ ಎಲ್ಲಿದೆ ಅಂತ ಅವ್ರಿಗೆ ಮೊಬೈಲಲ್ಲಿ ಮೆಸೇಜ್ ಬಂದಿರುತ್ತೆ. ಕತ್ತಲಾದ್ಮೇಲೆ ರಸ್ತೆಯಲ್ಲಿ ಆನೆ ಸಿಕ್ರೆ ಹಾರ್ನ್ ಹೊಡೀದೆ, ಲೈಟ್ ಡಿಮ್ ಮಾಡಿ, ದೂರದಲ್ಲೇ ನಿಲ್ಲಿಸಿ ಕಾಯಿರಿ. ಸೆಲ್ಫಿ ಅಂತ ಇಳಿದವ್ರ ಕಥೆ ಮಕ್ಕಳ ಮುಂದೆ ಹೇಳೋ ಅಂಥದ್ದಲ್ಲ.

ನೀರಿನ ಸಾಹಸ ಬೇಕಂದ್ರೆ ಮಳೆಗಾಲದಲ್ಲಿ ಬರಪೊಳೆ ನದಿಯಲ್ಲಿ ರಾಫ್ಟಿಂಗ್ ಇದೆ, ಚಿಕ್ಕ ಮಕ್ಕಳನ್ನ ಹತ್ತಿಸಲ್ಲ, ಹತ್ತಿಸ್ತೀವಿ ಅನ್ನೋರ ಹತ್ರ ನೀವೇ ಹೋಗ್ಬೇಡಿ. ಚೇಲಾವರದಂಥ ಜಲಪಾತದಲ್ಲಿ ಈಜೋಕೆ ಇಳಿಯೋದಂತೂ ಬೇಡವೇ ಬೇಡ, ಮೇಲೆ ಶಾಂತವಾಗಿ ಕಾಣೋ ನೀರಿನ ಕೆಳಗೆ ಪಾಚಿ ಬಂಡೆ, ಗುಂಡಿ, ಪ್ರತಿ ವರ್ಷ ಯಾರ್ದೋ ಮನೆ ಮಗ ಹೋಗ್ತಾನೆ.

ವಾಪಸ್ ಹೋಗೋ ದಿನ ಯಾವ ಬೆಟ್ಟನೂ ಇಟ್ಕೋಬೇಡಿ. ಕುಟ್ಟದಿಂದ ನಾಗರಹೊಳೆ ಒಳಗಿನ ರಸ್ತೆ ಹಿಡಿಯೋದಾದ್ರೆ ಸಂಜೆ ಆರಕ್ಕೆ ಗೇಟ್ ಬಂದ್, ಬೆಳಿಗ್ಗೆ ಆರಕ್ಕೇ ತೆಗೆಯೋದು, ಮಧ್ಯ ಎಲ್ಲೂ ಇಳಿಯೋ ಹಾಗಿಲ್ಲ. ಕಕ್ಕಬ್ಬೆ ಕಡೆಯಿಂದ ಜೇನು ತಗೊಳ್ಳಿ, ಯಾರ್ದಾದ್ರೂ ಮನೇಲಿ ಪುಡಿ ಮಾಡಿದ ಕಾಫಿ ಸಿಕ್ರೆ ಅದು. ಕಾರು ಹತ್ತೋ ಮುಂಚೆ ಎಲ್ರ ಶೂ ಬಿಚ್ಚಿ, ಸಾಕ್ಸ್ ತಿರುವಿ ಕೊಡವಿ. ಹೋದ ವರ್ಷ ನಮ್ಮ ದೊಡ್ಡಮ್ಮನ ಮಗ ಇದನ್ನ ಕೇಳ್ದೆ ಹೊರಟ, ಒಂದು ಜಿಗಣೆ ಬಿಟ್ಟಿ ಸವಾರಿ ಮಾಡ್ಕೊಂಡು ಮೈಸೂರು ದಾರಿಯ ಬಿಳಿಕೆರೆ ತನಕ ಹೋಗಿತ್ತಂತೆ, ಅತ್ತಿಗೆ ಕಿರುಚಿದ್ದಕ್ಕೆ ಹೋಟ್ಲಿನವ್ರೆಲ್ಲ ಓಡಿ ಬಂದಿದ್ರಂತೆ.