ವಾರ್ಡಿನ ದುಡ್ಡಿನ ಲೆಕ್ಕ ಮನೆಮನೆಗೆ ಮುಟ್ಟಿಸಿದ್ದು – ನನ್ನ ಅನುಭವ

"ಲೆಕ್ಕ ಕೊಟ್ರೆ ಜನ ಮೈಮೇಲೆ ಬರ್ತಾರೆ ಕಣಮ್ಮ, ಸುಮ್ನೆ ಇರು" ಅಂತ ನಂಗೆ ಹೇಳದೆ ಇದ್ದ ಮೆಂಬರ್ರೇ ಇಲ್ಲ ನಮ್ಮ ಪುರಸಭೇಲಿ. ಈಗ ಅವ್ರಲ್ಲೇ ಮೂರ್ನಾಲ್ಕು ಜನ ವಾರ್ಡಿನ ಲೆಕ್ಕ ಬರೆದು ಮನೆಮನೆಗೆ ಹಂಚೋ ನಿಮ್ಮ ಚೀಟಿದು ಒಂದು ಕಾಪಿ ಕಳ್ಸಿ ಅಂತ ಫೋನ್ ಮಾಡ್ತಿದಾರೆ, ಒಬ್ಬೊಬ್ಬರಿಗೂ ಹೇಳೋ ಬದ್ಲು ಒಂದೇ ಸಲ ಬರೆದ್ಬಿಡೋಣ ಅಂತ ಕೂತಿದೀನಿ. ಎಸ್‌ಎಫ್‌ಸಿ ಅಂದ್ರೆ ರಾಜ್ಯ ಹಣಕಾಸು ಆಯೋಗದ ದುಡ್ಡು, ಕ್ರಿಯಾ ಯೋಜನೆ ಅಂದ್ರೆ ಯಾವ ದುಡ್ಡಲ್ಲಿ ಯಾವ ಕೆಲ್ಸ ಅನ್ನೋ ಪಟ್ಟಿ, ಇದಕ್ಕಿಂತ ಹೆಚ್ಚು ಇಲ್ಲಿ ಬಿಡಿಸಿ ಹೇಳಲ್ಲ, ಓದೋರು ಮೆಂಬರ್‌ಗಳೇ ಆಗಿದ್ರೆ ನಿಮಗೆ ಗೊತ್ತೇ ಇರತ್ತೆ.

ನಂದು ಹಾಸನ ಜಿಲ್ಲೆಯ ಒಂದು ಪುರಸಭೆ. ನನ್ನ ವಾರ್ಡಲ್ಲಿ ಸುಮಾರು 420-430 ಮನೆ. 2018ರ ಆಗಸ್ಟ್ ಕೊನೇಲಿ ನಡೆದ ಎಲೆಕ್ಷನ್‌ನಲ್ಲಿ ಸಾಮಾನ್ಯ ಮಹಿಳೆ ಸೀಟಲ್ಲಿ ಗೆದ್ದೆ. ಗೆದ್ದ ಮೇಲೇನಾಯ್ತು ಅಂತ ಆ ಬ್ಯಾಚಿನವರಿಗೆಲ್ಲ ನೆನಪಿರತ್ತೆ, ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ವಿಷ್ಯ ಕೋರ್ಟಿಗೆ ಹೋಗಿ 2020ರ ಕೊನೆವರೆಗೂ ಆಯ್ಕೆನೇ ನಡೀಲಿಲ್ಲ, ಎರಡು ವರ್ಷ ಹೆಸರಿಗೆ ಮಾತ್ರ ಮೆಂಬರ್, ಆಡಳಿತಾಧಿಕಾರಿಗಳದ್ದೇ ಆಡಳಿತ. ಆ ಎರಡು ವರ್ಷ ಬೀದೀಲಿ ಜನ ಕೇಳ್ತಿದ್ದಿದ್ದು ಒಂದೇ, "ನಾವು ಕಟ್ಟೋ ಕಂದಾಯ ಎಲ್ಲಿ ಹೋಗತ್ತೆ ಅಕ್ಕ?" ನನ್ನ ಕೈಲಿ ಉತ್ತರ ಇರ್ಲಿಲ್ಲ, ಯಾಕಂದ್ರೆ ವಾರ್ಡ್‌ವಾರು ಲೆಕ್ಕ ಅನ್ನೋದು ಆಫೀಸಲ್ಲೇ ಒಂದು ಕಡೆ ಇರಲ್ಲ. ಕಂದಾಯ ಒಂದು ಟೇಬಲ್, ನೀರಿನ ತೆರಿಗೆ ಇನ್ನೊಂದು, ಕೆಲ್ಸದ ಫೈಲು ಜೆಇ (ಜೂನಿಯರ್ ಇಂಜಿನಿಯರ್) ಹತ್ರ, ಬಿಲ್ಲು ಅಕೌಂಟ್ಸಲ್ಲಿ. ಇದನ್ನೆಲ್ಲ ಒಂದು ಹಾಳೆಗೆ ತರೋದೇ ಮುಕ್ಕಾಲು ಕೆಲ್ಸ, ಜನಕ್ಕೆ ಹೇಳೋದು ಆಮೇಲಿನ ಮಾತು.

ಮೊದ್ಲು ಎಲ್ರೂ ಮಾಡೋದನ್ನೇ ನಾನೂ ಮಾಡಿದ್ದು, ವಾಟ್ಸಾಪ್ ಗ್ರೂಪ್. ಆಗ ಗ್ರೂಪಿಗೆ 256 ಜನರ ಮಿತಿ ಇತ್ತು, ಅಷ್ಟು ತುಂಬೋದು ಏನೂ ಕಷ್ಟ ಆಗ್ಲಿಲ್ಲ. ಆದ್ರೆ 2019ರ ಲೋಕಸಭೆ ಎಲೆಕ್ಷನ್ ಟೈಮಲ್ಲಿ ಪಕ್ಷದ ಫಾರ್ವರ್ಡು, ಅದಕ್ಕೆ ಉತ್ತರ, ಅದಕ್ಕೊಂದು ಜಗಳ, ಮಧ್ಯದಲ್ಲಿ ಶುಭೋದಯದ ಫೋಟೋ, ಸೈಟ್ ಮಾರಾಟಕ್ಕಿದೆ ಅನ್ನೋದು, ನಾನು ನೀರು ಬಿಡೋ ಟೈಮ್ ಹಾಕಿದ್ರೆ ಹತ್ತು ನಿಮಿಷಕ್ಕೆ ಮೇಲೆ ಹೋಗಿ ಕಳ್ದೋಗ್ತಿತ್ತು. ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡ್ದೆ, ಆಗ ಜಗಳ ನಿಂತೋಯ್ತು, ಜೊತೆಗೆ ಓದೋದೂ ನಿಂತೋಯ್ತು. ಆಮೇಲೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದ್ದು, ಅಂದ್ರೆ ಒಂದೇ ಮೆಸೇಜ್ ಎಲ್ರಿಗೂ ಬೇರೆ ಬೇರೆಯಾಗಿ ಹೋಗೋದು. ಇಲ್ಲೊಂದು ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ, ನಮ್ಮ ನಂಬರ್ ಅವ್ರು ಸೇವ್ ಮಾಡ್ಕೊಂಡಿದ್ರೆ ಮಾತ್ರ ಬ್ರಾಡ್‌ಕಾಸ್ಟ್ ತಲುಪೋದು. ನಮ್ಮ ವಾರ್ಡಲ್ಲಿ ಮುಕ್ಕಾಲುಪಾಲು ಜನ "ಮೆಂಬರ್" ಅಂತ ಸೇವ್ ಮಾಡ್ಕೊಂಡಿದ್ದಿದ್ದು ನಮ್ಮ ಯಜಮಾನ್ರ ನಂಬರ್ರು! ಮಹಿಳಾ ಮೆಂಬರ್‌ಗಳಿಗೆ ಇದು ಹೇಳೋದೇ ಬೇಡ, ಎಲ್ಲರ ಕಥೆನೂ ಇದೇ. ಇದನ್ನ ಸರಿ ಮಾಡ್ದೆ ಬೇರೇನೂ ಸರಿ ಆಗಲ್ಲ ಅಂತ ಆಗ್ಲೇ ಗೊತ್ತಾಯ್ತು.

ಬಲ್ಕ್ ಎಸ್‌ಎಂಎಸ್ ಕೂಡ ನೋಡ್ದೆ. ಡಿಎಲ್‌ಟಿ ರಿಜಿಸ್ಟ್ರೇಷನ್ ಅಂತ ಟೆಲಿಕಾಂ ಕಂಪ್ನಿ ಹತ್ರ ನೋಂದಣಿ ಅಂತೆ, ಹೆಡರ್ ಅಂತ ಕಳ್ಸೋರ ಹೆಸ್ರಂತೆ, ಪ್ರತಿ ಮೆಸೇಜಿಗೂ ಟೆಂಪ್ಲೇಟ್ ಅಪ್ರೂವ್ ಆಗ್ಬೇಕಂತೆ, ಅದೂ ಸಾಲದು ಅಂತ ಇಂಗ್ಲಿಷಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದ್ರೆ ಕನ್ನಡದಲ್ಲಿ 70ಕ್ಕೇ ಮುಗಿಯತ್ತೆ, ಒತ್ತಕ್ಷರ ಕಾಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ನಾಲ್ಕು ಸಾಲಿಗೆ ನಾಲ್ಕು ಎಸ್‌ಎಂಎಸ್ ದುಡ್ಡು. ಎರಡೂವರೆ ಮೂರು ಸಾವಿರ ಕೈಬಿಟ್ಟ ಮೇಲೆ ಅದನ್ನ ಬಿಟ್ಟೆ. ಫೇಸ್‌ಬುಕ್ ಲೈವ್ ಮಾಡ್ದೆ, ನೋಡಿದೋರು ಹೆಚ್ಚಿನೋರು ಬೆಂಗಳೂರಲ್ಲಿರೋ ನಮ್ಮೂರಿನ ಹುಡುಗರು, ಅವ್ರಿಗೆ ಖುಷಿ, ಇಲ್ಲಿರೋ ಅವ್ರ ಅಪ್ಪ ಅಮ್ಮಂಗೆ ವಿಷ್ಯ ಮುಟ್ಲಿಲ್ಲ. ಫ್ಲೆಕ್ಸ್ ಹಾಕ್ಸಿ ಅಂದ್ರು ಒಬ್ರು. 2016ರಲ್ಲೇ ಸರ್ಕಾರ ಫ್ಲೆಕ್ಸ್ ಬ್ಯಾನ್ ಮಾಡಿದೆ, ಪುರಸಭೆ ಮೆಂಬರ್ರೇ ಹಾಕ್ಸಿದ್ರೆ ಬೇರೆಯವರದ್ದು ತೆಗ್ಸೋಕೆ ಯಾವ ಬಾಯಲ್ಲಿ ಹೇಳೋದು.

ಕೊನೆಗೆ ಕೈಹಿಡಿದಿದ್ದು ಹಳೇ ದಾರಿ. ಒಂದು ಎ4 ಹಾಳೆ, ಎರಡೂ ಕಡೆ ಪ್ರಿಂಟು, ಮೂರು ತಿಂಗಳಿಗೊಂದ್ಸಲ, ಪ್ರತಿ ಮನೆಗೆ. ಅದ್ರ ಜೊತೆ ಒಂದು ವಾಯ್ಸ್ ನೋಟು, ರೇಷನ್ ಅಂಗಡಿ ಹತ್ರ ಒಂದು ಕಪ್ಪು ಹಲಗೆ. ಇಷ್ಟೇ.

ಆದ್ರೆ ಹಾಳೆ ಮೊದಮೊದ್ಲು ಸೋತಿದ್ದನ್ನ ಹೇಳ್ಲೇಬೇಕು. ಮೊದಲ್ನೇ ಚೀಟಿಲಿ ಬಜೆಟ್ಟನ್ನ ಇದ್ದಂಗೇ ಹಾಕಿದ್ದೆ, ಒಟ್ಟು ಆದಾಯ ಇಷ್ಟು ಕೋಟಿ, ಖರ್ಚು ಇಷ್ಟು ಕೋಟಿ, ಉಳಿತಾಯ ಇಷ್ಟು ಲಕ್ಷ ಅಂತ. ಮಾರನೇ ದಿನವೇ ಟೀ ಅಂಗಡೀಲಿ, "ಇಷ್ಟು ಕೋಟಿ ಇಟ್ಕೊಂಡು ನಮ್ಮ ಬೀದಿಗೆ ಒಂದು ಕಲ್ಲುಚಪ್ಪಡಿ ಹಾಕ್ಸಕ್ಕಾಗಲ್ವಾ" ಅಂತ ಮಾತು. ಸೀನಿಯರ್ ಮೆಂಬರ್‌ಗಳು ನೋಡ್ದ್ಯಾ ಅಂತ ನಕ್ಕರು. ಜನರದ್ದು ತಪ್ಪಲ್ಲ. ನಮ್ಮ ಎಲ್ಲ ಬಜೆಟ್ಟೂ ಉಳಿತಾಯದ ಬಜೆಟ್ಟೇ, ಆರಂಭಿಕ ಶಿಲ್ಕು ಅಂತ ಹೋದ ವರ್ಷ ಉಳಿದ ದುಡ್ಡನ್ನ ಮೇಲೆ ಸೇರ್ಸಿರ್ತಾರೆ, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಆಗ್ಲೇ ಯಾವ್ದೋ ಕೆಲ್ಸಕ್ಕೆ ಹೋಗಿರೋ ದುಡ್ಡು, ಬಿಲ್ ಆಗಿರಲ್ಲ ಅಷ್ಟೆ. 2021-26ರಲ್ಲಿ ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡು 100 ರೂಪಾಯಿ ಬಂದ್ರೆ 60 ರೂಪಾಯಿ ನೀರು, ಕಸ, ನೈರ್ಮಲ್ಯಕ್ಕೇ ಕಟ್ಟಾಕಿದ್ರು, ಉಳಿದ 40ರಲ್ಲೂ ಸಂಬಳ ಕೊಡಂಗಿರ್ಲಿಲ್ಲ. ಕೋಟಿ ತೋರ್ಸಿ ಇದನ್ನ ಹೇಳ್ದೆ ಇದ್ರೆ ಬೈಗುಳ ಬರೋದು ಸಹಜ.

ಅಲ್ಲಿಂದ ಚೀಟಿನ ತಲೆಕೆಳಗು ಮಾಡ್ದೆ. ಕೋಟಿ ಅನ್ನೋ ಪದನೇ ತೆಗೆದ್ಬಿಟ್ಟೆ. ಮೊದಲ್ನೇ ಸಾಲು ಹೀಗೆ, ನಮ್ಮ ವಾರ್ಡಿಂದ ಈ ವರ್ಷ ಹೋದ ಮನೆಕಂದಾಯ ಸುಮಾರು 6 ಲಕ್ಷ, ನಮ್ಮ ವಾರ್ಡಿಗೆ ಆದ ಕೆಲ್ಸ ಸುಮಾರು 14 ಲಕ್ಷ. ಅದ್ರ ಕೆಳಗೆ ಬೀದಿವಾರು. ಬೀದಿ ಹೆಸ್ರು ಪುರಸಭೆ ದಾಖಲೇಲಿರೋದಲ್ಲ, ಜನ ಕರೆಯೋದು, ಅಂದ್ರೆ "ನಾಲ್ಕನೇ ಅಡ್ಡರಸ್ತೆ" ಅಲ್ಲ, "ಹಿಟ್ಟಿನ ಗಿರಣಿ ಬೀದಿ". ಪ್ರತಿ ಕೆಲ್ಸದ ಮುಂದೆ ಆರು ಚೌಕ – ಅರ್ಜಿ, ಕ್ರಿಯಾ ಯೋಜನೆ, ಡಿಸಿ ಆಫೀಸು, ಟೆಂಡರ್, ಕೆಲ್ಸ ಶುರು, ಬಿಲ್ಲು. ಎಲ್ಲಿವರೆಗೆ ಬಂದಿದ್ಯೋ ಅಲ್ಲಿವರೆಗೆ ಟಿಕ್. ಫೈಲು ನಿಂತಿದ್ರೆ ನಿಂತಿದೆ ಅಂತಲೇ ಹಾಕೋದು. ಈ ಆರು ಚೌಕ ನನ್ನ ಸ್ವಂತ ಐಡಿಯಾ, ಬೇರೆ ಎಲ್ಲೂ ನೋಡಿದ್ದಲ್ಲ, ಹೇಳ್ಕೊಳ್ಳೋಕೆ ಹೆಮ್ಮೆನೂ ಇದೆ. "ನಮ್ಮ ಚರಂಡಿ ಯಾವಾಗ" ಅಂತ ಕೇಳ್ತಿದ್ದೋರು ಈಗ "ಮೂರನೇ ಚೌಕದಲ್ಲೇ ನಿಂತಿದ್ಯಲ್ಲ ಅಕ್ಕ" ಅಂತ ಕೇಳ್ತಾರೆ. ಪ್ರಶ್ನೆನೇ ಬದಲಾಗೋಯ್ತು.

ಇನ್ನೊಂದು ಸಾಲು ಎಲ್ರೂ ಬೇಡ ಅಂದಿದ್ದು, "ಈ ಸಲ ಬರದೇ ಇದ್ದಿದ್ದು". ಯಾವ ಬೀದಿಗೆ ಏನು ಕೇಳಿದ್ದೆ, ಯಾಕೆ ಬರ್ಲಿಲ್ಲ. ಪಕ್ಕದ ವಾರ್ಡಿನ ಅಣ್ಣ ಒಬ್ರು, "ತಂಗಿ, ಆಗದೇ ಇರೋದನ್ನ ನೀನೇ ಬರೆದುಕೊಡ್ತೀಯಲ್ಲ, ನಾಳೆ ಎದುರಾಳಿಗೆ ಅದೇ ಭಾಷಣ" ಅಂದ್ರು. ನಡೆದಿದ್ದು ಉಲ್ಟಾ. ಬರದೇ ಇದ್ದಿದ್ದು ಬರೆದಿದ್ರಿಂದ್ಲೇ ಬಂದಿದ್ದನ್ನ ಜನ ನಂಬಿದ್ದು.

ಕಂದಾಯದ ರಶೀದಿ ವಿಷ್ಯವೂ ಒಂದ್ಸಲ ಹಾಕ್ದೆ. 1000 ರೂಪಾಯಿ ತೆರಿಗೆ ಇದ್ರೆ ಕಟ್ಟೋದು 1240, ಮೇಲಿನ 240ರಲ್ಲಿ ಆರೋಗ್ಯ ಕರ 150, ಗ್ರಂಥಾಲಯ ಕರ 60, ಭಿಕ್ಷುಕರ ಕರ 30, ಅದು ನಮ್ಮ ಚರಂಡಿಗೆ ಬರೋ ದುಡ್ಡಲ್ಲ ಅಂತ. ರಿಟೈರ್ಡ್ ಮೇಷ್ಟ್ರು ಒಬ್ರು ಹಾಳೆ ಹಿಡ್ಕೊಂಡು ಮನೆಗೇ ಬಂದು, ಮೂವತ್ತು ವರ್ಷದಿಂದ ಕಟ್ತಿದೀನಮ್ಮ, ಇದನ್ನ ಯಾರೂ ಹೇಳಿರ್ಲಿಲ್ಲ ಅಂದ್ರು. ಏಪ್ರಿಲಲ್ಲಿ ಕಟ್ಟಿದ್ರೆ 5% ರಿಯಾಯಿತಿ, ಜುಲೈಯಿಂದ ತಿಂಗಳಿಗೆ 2% ದಂಡ, ಇದು ಮಾರ್ಚ್ ಚೀಟಿಲಿ ದಪ್ಪಕ್ಷರದಲ್ಲಿ. ಮೊದ್ಲು ಏಪ್ರಿಲಲ್ಲಿ ಕಟ್ಟೋರು ಮೂರರಲ್ಲಿ ಒಂದು ಪಾಲು ಇದ್ರೇನೋ, ಈಗ ಅರ್ಧಕ್ಕೂ ಮೇಲೆ, ಬಿಲ್ ಕಲೆಕ್ಟರ್ರೇ ಹೇಳಿದ್ದು.

ಎಲ್ಲಕ್ಕಿಂತ ಸಮಾಧಾನ ಕೊಟ್ಟಿದ್ದು ಶೇಕಡಾವಾರು ನಿಧಿ, ಅಂದ್ರೆ ಪುರಸಭೆ ದುಡ್ಡಲ್ಲಿ ಇಂಥೋರಿಗೆ ಇಂತಿಷ್ಟು ಪಾಲು ಅಂತ ಎತ್ತಿಡೋದು. 24.10% ಪರಿಶಿಷ್ಟರಿಗೆ, 7.25% ಇತರೆ ಬಡವರಿಗೆ, 5% ಅಂಗವಿಕಲರಿಗೆ ಅಂತ ನಾವೆಲ್ಲ ಮೀಟಿಂಗಲ್ಲಿ ಬಾಯಿಪಾಠ ಹೇಳ್ತೀವಿ, ಬೀದೀಲಿ ಯಾರಿಗೂ ಗೊತ್ತಿಲ್ಲ. 5% ದುಡ್ಡಿಗೆ ಅರ್ಜಿನೇ ಬರ್ತಿರ್ಲಿಲ್ಲ, ವರ್ಷ ವರ್ಷ ಹಾಗೇ ಮುಂದಕ್ಕೆ. ಚೀಟಿಲಿ ನಾಲ್ಕೇ ಸಾಲು ಹಾಕ್ದೆ – ಯಾರು ಹಾಕ್ಬೋದು, ಯಾವ ಸರ್ಟಿಫಿಕೇಟ್ ಬೇಕು, ಯಾವ ಟೇಬಲ್, ಕೊನೇ ದಿನ. ನನ್ನ ಒಂದು ವಾರ್ಡಿಂದ್ಲೇ ಏಳೆಂಟು ಅರ್ಜಿ ಹೋಯ್ತು. ಒಬ್ಬ ಹುಡುಗನಿಗೆ ಮೂರು ಚಕ್ರದ ಗಾಡಿ ಬಂತು, ಒಂದು ಹೆಣ್ಣುಮಗೂಗೆ ಕಾಲೇಜ್ ಫೀಸಿನ ಸಹಾಯ. ದುಡ್ಡು ಮೊದ್ಲಿಂದ್ಲೂ ಇತ್ತು, ಹೇಳೋರಿರ್ಲಿಲ್ಲ. ಬೇರೇನೂ ಹಾಕೋಕೆ ಜಾಗ ಇಲ್ದಿದ್ರೂ ಈ ನಾಲ್ಕು ಸಾಲು ಬಿಡ್ಬೇಡಿ ಅಂತ ಕೈಮುಗಿದು ಕೇಳ್ತೀನಿ.

ಇನ್ನು ಅಳತೆ ವಿಷ್ಯ. ಒಂದು ಚೀಟಿಲಿ ಚರಂಡಿ ಕೆಲ್ಸದ ಮುಂದೆ ಉದ್ದ ಎಷ್ಟು ಮೀಟರ್, ಅಂದಾಜು ಮೊತ್ತ ಎಷ್ಟು ಅಂತ ಹಾಕ್ದೆ, ಎಂಬತ್ತೈದೋ ತೊಂಬತ್ತೋ ಮೀಟರ್ ಇರ್ಬೇಕು. ಆ ಬೀದಿಯ ಗಾರೆ ಕೆಲ್ಸದವರೊಬ್ರು ಸಂಜೆ ಟೇಪ್ ತಂದು ಅಳೆದ್ರೆ ಹತ್ತು ಹನ್ನೆರಡು ಮೀಟರ್ ಕಮ್ಮಿ. ಬೀದಿನೇ ಸೇರ್ತು. ಕಂಟ್ರಾಕ್ಟರ್ ನನ್ನ ಮೇಲೆ ಸಿಟ್ಟಾಗಿ ಎರಡ್ಮೂರು ಕಡೆ ದೂರು ಹೇಳಿದ್ರು, ಆದ್ರೂ ಬಿಲ್ ಆಗೋಕೆ ಮುಂಚೆ ಉಳಿದಿದ್ದನ್ನ ಕಟ್ಟಿಕೊಟ್ರು. ಅದಾದ್ಮೇಲೆ ನಮ್ಮ ವಾರ್ಡಲ್ಲಿ ಅಳತೆ ಕಮ್ಮಿ ಬಂದಿಲ್ಲ. ಆಫೀಸಲ್ಲಿ ಸ್ವಲ್ಪ ದಿನ ಯಾರೂ ಸರಿಯಾಗಿ ಮುಖ ಕೊಡ್ಲಿಲ್ಲ, ಆಮೇಲೆ ಸರಿಹೋಯ್ತು.

ಹಾಳೆನ ಜನ ಎಸೀದೆ ಇರೋ ಹಾಗೆ ಮಾಡೋದು ಹೇಗೆ ಅಂತ ಎಲ್ರೂ ಕೇಳ್ತಾರೆ. ಹಿಂದಿನ ಪುಟದಲ್ಲಿ ಮೂರು ತಿಂಗಳ ನೀರು ಬಿಡೋ ದಿನದ ಪಟ್ಟಿ, ಕಸದ ಗಾಡಿ ಬರೋ ಟೈಮು, ಹಸಿ ಕಸ ಒಣ ಕಸದ ವಾರ. ಗೃಹಿಣಿಯರು ಅಡುಗೆಮನೆ ಗೋಡೆಗೆ ಅಂಟಿಸ್ಕೋತಾರೆ, ಮುಂದಿನ ಚೀಟಿ ಬರೋವರೆಗೂ ಇರತ್ತೆ. ಪಟ್ಟಿ ಕೆಳಗೆ ನನ್ನ ನಂಬರ್ ಒಂದೇ, ಯಜಮಾನ್ರದ್ದು ಹಾಕಿಲ್ಲ, "ಸೇವ್ ಮಾಡ್ಕೊಂಡ್ರೆ ನೀರು ತಪ್ಪಿದ ದಿನ ಮೆಸೇಜ್ ಬರತ್ತೆ" ಅಂತ. ಆರು ತಿಂಗಳಲ್ಲಿ ಬ್ರಾಡ್‌ಕಾಸ್ಟ್ ಸರಿಯಾಗಿ ತಲುಪೋಕೆ ಶುರುವಾಯ್ತು. ಒಂದು ಲಿಸ್ಟಿಗೆ 256, ಹಾಗಾಗಿ ಬೀದಿ ಗುಂಪು ಮಾಡಿ ಎರಡು ಲಿಸ್ಟ್. ವಾಯ್ಸ್ ನೋಟು ಒಂದೂವರೆ ನಿಮಿಷ ದಾಟ್ಬಾರ್ದು, ದಾಟಿದ್ರೆ ಕೇಳಲ್ಲ. ಓದೋಕೆ ಬರದ ಅಜ್ಜಿಯರಿಗೆ ಮೊಮ್ಮಕ್ಕಳು ಹಾಕಿ ಕೇಳಿಸ್ತಾರೆ.

ಕಪ್ಪು ಹಲಗೆ ರೇಷನ್ ಅಂಗಡಿ ಹತ್ರನೇ ಯಾಕೆ ಅಂದ್ರೆ, ಹೆಬ್ಬೆಟ್ಟು ಒತ್ತೋ ಮೆಷಿನ್ ಸರ್ವರ್ ಸಿಗದೆ ಜನ ಅರ್ಧ ಗಂಟೆ ನಿಂತೇ ಇರ್ತಾರೆ, ಓದ್ತಾರೆ. ಮೊದ್ಲು ದೇವಸ್ಥಾನದ ಹತ್ರ ಇಟ್ಟಿದ್ದೆ, ಅಲ್ಲಿ ಯಾರೂ ನಿಲ್ಲಲ್ಲ. ಕಸದ ಆಟೋ ಟಿಪ್ಪರ್ ಮೈಕಲ್ಲಿ ದಿನಾ ಬರೋ ಹಾಡಿನ ಮಧ್ಯ ನನ್ನ ಧ್ವನೀಲಿ ಇಪ್ಪತ್ತು ಸೆಕೆಂಡ್ ಮಾತು ಸೇರ್ಸಿ ನೋಡ್ದೆ, 2025ರ ಫೆಬ್ರವರಿಲಿ ಅನಧಿಕೃತ ಆಸ್ತಿಗಳಿಗೆ ಖಾತೆ ಕೊಡೋ ಬಿ ಖಾತಾ ಅಭಿಯಾನ ಶುರುವಾದಾಗ, ಯಾವ ದಾಖಲೆ ತರ್ಬೇಕು ಅಂತ. ಅದು ಸಖತ್ತಾಗಿ ಕೆಲ್ಸ ಮಾಡ್ತು, ವಾರದೊಳಗೆ ಆಫೀಸ್ ಮುಂದೆ ನಮ್ಮ ವಾರ್ಡಿನೋರೇ ಹೆಚ್ಚು. ಆದ್ರೆ ದುಡ್ಡಿನ ಲೆಕ್ಕ ಮೈಕಲ್ಲಿ ಹೇಳಿದ್ರೆ ಯಾರಿಗೂ ತಲೇಲಿ ಉಳಿಯಲ್ಲ, ಪ್ರಯತ್ನ ಪಟ್ಟು ಬಿಟ್ಟೆ. ಕ್ಯೂಆರ್ ಕೋಡ್ ಕೂಡ ಒಂದ್ಸಲ ಹಾಕ್ಸಿದ್ದೆ, ಸ್ಕ್ಯಾನ್ ಮಾಡಿದೋರು ಹತ್ತು ಜನಾನೂ ಇಲ್ಲ.

ಖರ್ಚು ಹೇಳ್ಬಿಡ್ತೀನಿ. 450 ಕಾಪಿ, ಎರಡು ಕಡೆ, ಪ್ರೆಸ್ಸಲ್ಲಿ ಏಳುನೂರರಿಂದ ಎಂಟುನೂರು, ಪೇಪರ್ ಹಾಕೋ ಹುಡುಗರಿಗೆ ಇನ್ನೂರು, ಪೇಪರ್ ತರಿಸದ ಮನೆಗಳಿಗೆ ಹಾಲಿನ ಡೈರಿಲಿ ಇಡ್ತೀನಿ. ಒಂದು ಸಲಕ್ಕೆ ಸಾವಿರದ ಆಸುಪಾಸು, ವರ್ಷಕ್ಕೆ ನಾಲ್ಕು ಸಾವಿರ ಅನ್ಕೊಳ್ಳಿ, ನನ್ನ ಕೈಯಿಂದ್ಲೇ. ಪುರಸಭೆ ದುಡ್ಡಲ್ಲಿ ಮಾಡ್ಬೇಡಿ, ಮಾಡಿದ್ರೆ ಏನು ಬರೀಬೇಕು ಅನ್ನೋದನ್ನ ಬೇರೆಯವರು ಹೇಳ್ತಾರೆ. ಕೆಳಗೆ ಪ್ರೆಸ್ ಹೆಸ್ರು, ಎಷ್ಟು ಪ್ರತಿ ಅಂತ ಹಾಕ್ಸಿ. ಪಕ್ಷದ ಚಿಹ್ನೆ, ನಾಯಕರ ಫೋಟೋ, ನಿಮ್ಮ ಫೋಟೋ ಯಾವ್ದೂ ಬೇಡ. 2023ರಲ್ಲಿ, 2024ರಲ್ಲಿ ನೀತಿ ಸಂಹಿತೆ ಇದ್ದಾಗ ಚೀಟಿ ಪೂರ್ತಿ ನಿಲ್ಸಿದ್ದೆ, ಹಲಗೆ ಮೇಲೆ ನೀರಿನ ಟೈಮ್ ಬಿಟ್ಟು ಎಲ್ಲ ಒರೆಸಿದ್ದೆ.

ಫೈಲು ಯಾವ ಚೌಕದಲ್ಲಿದೆ ಅಂತ ಆಫೀಸಿಂದ ಅಷ್ಟು ಬೇಗ ಹೇಗೆ ತಿಳ್ಕೋತೀಯ ಅಂತ ಕೇಳ್ಬೇಡಿ, ಅದೊಂದು ಹೇಳಲ್ಲ. ಆರ್‌ಟಿಐ ಹಾಕಿ ಅಲ್ಲ, ಜಗಳ ಮಾಡೂ ಅಲ್ಲ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಹೋಗ್ಬೇಕು ಅನ್ನೋದ್ರಲ್ಲಿದೆ. ಬೀದಿಗಳನ್ನ ಯಾವ ಕ್ರಮದಲ್ಲಿ ಹಾಕ್ತೀನಿ ಅನ್ನೋದನ್ನೂ ನನ್ನ ಹತ್ರನೇ ಇಟ್ಕೋತೀನಿ.

ಮೊದ್ಲು ವಾರ್ಡ್ ಸಭೆ ಅಂದ್ರೆ ಹತ್ತು ಹನ್ನೆರಡು ಜನ, ಅದ್ರಲ್ಲಿ ಅರ್ಧ ನಮ್ಮ ನೆಂಟರು. ಹೋದ ಸಲ ಬಜೆಟ್ ಪೂರ್ವಭಾವಿ ಸಭೆಗೆ ಮುಂಚೆ ಅಂಗನವಾಡಿ ಕಟ್ಟೆ ಮೇಲೆ ಸೇರಿದ್ದು ಅರವತ್ತಕ್ಕೂ ಹೆಚ್ಚು ಜನ, ಕೈಲಿ ಚೀಟಿ ಹಿಡ್ಕೊಂಡೇ ಬಂದಿದ್ರು. ನೀರಿಗೆ ಕಟ್ಟೋ ದುಡ್ಡಿಗಿಂತ ಪಂಪಿನ ಕರೆಂಟ್ ಬಿಲ್ಲೇ ಜಾಸ್ತಿ ಅಂತ ಚೀಟಿಲಿ ಇತ್ತು, ಬಾಕಿ ಇಟ್ಕೊಂಡಿದ್ದ ಒಂದು ಬೀದಿಯೋರು ಅಲ್ಲೇ ಮಾತಾಡ್ಕೊಂಡು ಎರಡು ಕಂತಲ್ಲಿ ಕಟ್ಟಿದ್ರು. ಈಗ ಬೀದಿದೀಪದ ಕಂಬಕ್ಕೆಲ್ಲ ನಂಬರ್ ಬರೆಸ್ತಿದೀನಿ, ಬಣ್ಣದ ಖರ್ಚು ಯುವಕರ ಸಂಘದವರು ಕೊಟ್ಟಿದಾರೆ, ಮುಂದಿನ ಚೀಟಿಲಿ ಕಂಬದ ನಂಬರ್ ಪ್ರಕಾರ ಯಾವ ದೀಪ ಎಷ್ಟು ದಿನದಿಂದ ಕೆಟ್ಟಿದೆ ಅಂತ ಬರತ್ತೆ. ಚೀಟಿಯ ಖಾಲಿ ನಮೂನೆ ಬೇಕಾದ ಮೆಂಬರ್‌ಗಳು ಕೇಳಿ, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರೋ ಫೈಲ್ ಇದೆ, ಕಳಿಸ್ಕೊಡ್ತೀನಿ.