ಮರಡಿಹಳ್ಳಿಯಲ್ಲಿ ನಾನು ಸುತ್ತಿಗೆ ಕೆಳಗಿಟ್ಟದ್ದು

ಭೂವಿಜ್ಞಾನದ ಮೇಷ್ಟ್ರ ಕೈಯಲ್ಲಿ ಸುತ್ತಿಗೆ ಇಲ್ಲದಿದ್ದರೆ ಹುಡುಗರೇ ನಂಬುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಮೊದಲ ಸಲ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ನಾನೂ ಎಲ್ಲರಿಗೂ ಸುತ್ತಿಗೆ ಕೊಟ್ಟೇ ಬಸ್ ಹತ್ತಿಸಿದ್ದೆ.

ಮರಡಿ ಎಂದರೆ ಕಲ್ಲುಗುಡ್ಡ. ಊರಿನ ಹೆಸರಲ್ಲೇ ಪಾಠ ಇದೆ. ಅಲ್ಲಿರುವುದು ದಿಂಬು ಲಾವಾ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ, ಹೊರಮೈ ತಟ್ಟನೆ ಗಟ್ಟಿಯಾಗಿ, ಒಳಗೆ ಇನ್ನೂ ಬಿಸಿಯಿರುವಾಗಲೇ ದಿಂಬುಗಳಂತೆ ಒಂದರ ಮೇಲೊಂದು ಬಿದ್ದಿದೆ. ಬೇಗ ಆರಿದ್ದರಿಂದ ಅಂಚಿನ ಕಲ್ಲಿನ ಕಣಗಳು ತೀರಾ ಸಣ್ಣ. ಕತೆಯೆಲ್ಲ ಇರುವುದು ಆ ಅಂಚಿನಲ್ಲಿ.

ಮರುವರ್ಷ ಹೋದರೆ ನಾನು ಪಾಠ ಮಾಡಿದ್ದ ದಿಂಬಿಗೆ ಒಂದು ಕಡೆ ಅಂಚೇ ಇರಲಿಲ್ಲ. ನಮ್ಮ ಹುಡುಗರು ತಲಾ ಒಂದು ಚಕ್ಕೆ ಎಬ್ಬಿಸಿದ್ದರು. ಕಂದು ಮೈಯಲ್ಲಿ ಹಸಿರುಗಪ್ಪು ಗಾಯ ದೂರಕ್ಕೇ ಕಾಣುತ್ತಿತ್ತು. ಕಲ್ಲುಗಣಿಯವರನ್ನು ಬೈಯುತ್ತಿದ್ದ ನನ್ನ ಬಾಯಿ ಅಂದು ಕಟ್ಟಿತು.

ಅಲ್ಲಿಂದ ಸುತ್ತಿಗೆಗಳು ಕಾಲೇಜಿನಲ್ಲೇ ಉಳಿಯುತ್ತವೆ. ಈಗ ಎರಡು ಕ್ಯಾನ್ ನೀರು ಒಯ್ಯುತ್ತೇವೆ. ಬಂಡೆಗೆ ಚಿಮುಕಿಸಿದರೆ ಅಂಚುಗಳು ತಾವಾಗಿ ಎದ್ದು ಕಾಣುತ್ತವೆ. ಮೈ ಒಣಗಿದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ ಮಾರ್ಕರ್‌ನಿಂದ ಒಂದೊಂದೇ ದಿಂಬಿನ ಗೆರೆ ಎಳೆಯುತ್ತೇವೆ. ಭೂತಗನ್ನಡಿಗೆ ಉದುರಿದ ಚೂರೇ ಸಾಕು. ನೋಡಿ ಅಲ್ಲೇ ಇಟ್ಟು ಬರಬೇಕು. ಅಳತೆಗೆ ನಾಣ್ಯವಿಟ್ಟು, ಪ್ರತಿವರ್ಷ ಅದೇ ದಿಂಬುಗಳ ಫೋಟೊ ತೆಗೆಯುತ್ತೇವೆ.

ಒಮ್ಮೆ ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು, “ಈ ಕಲ್ಲಿನಲ್ಲಿ ಅಂಥದ್ದೇನಿದೆ ಮೇಷ್ಟ್ರೇ?” ಎಂದರು.

“ಬಿಸಿ ಮುದ್ದೆಗಳನ್ನು ಪೇರಿಸಿದರೆ ಏನಾಗುತ್ತದೆ ಯಜಮಾನರೇ?”

“ಮೇಲಿನದು ಕೆಳಗಿನ ಎರಡರ ಸಂದಿಗೆ ಇಳಿಯುತ್ತದೆ.”

ಅಷ್ಟೇ ವಿಷಯ. ಸಂದಿಗೆ ಇಳಿದ ಬಾಲದ ಕಡೆ ಅಡಿ, ಉಬ್ಬಿದ ಕಡೆ ನೆತ್ತಿ. ಪದರ ಮಗುಚಿ ಬಿದ್ದಿದೆಯೇ ಎಂಬುದನ್ನು ಭೂವಿಜ್ಞಾನಿ ಓದುವುದೂ ಹೀಗೆಯೇ. ಲಾವಾ ನೀರಿನಡಿ ಉಕ್ಕಿದ ಕತೆಯನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಬಂಡೆ ನೋಡಿ, “ಹಾಗಾದರೆ ಇಲ್ಲಿಯೂ ಒಂದು ಕಾಲಕ್ಕೆ ನೀರಿತ್ತು ಅನ್ನಿ” ಎಂದರು. ಕೊಳವೆಬಾವಿ ಬತ್ತುವ ಸೀಮೆಯವರ ಬಾಯಲ್ಲಿ ಆ ಮಾತಿಗೆ ಬೇರೆಯದೇ ತೂಕ.

ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾಲ್‌ಬಾಗಿನ ಬಂಡೆಯೂ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಅದೇ ಪಟ್ಟಿಯಲ್ಲಿವೆ. ಭೂವಿಜ್ಞಾನದ ದೃಷ್ಟಿಯಿಂದ ಮಹತ್ವದ ಪ್ರದೇಶಗಳಿಗೆ ಯುನೆಸ್ಕೊ 2015ರಲ್ಲಿ ಜಾಗತಿಕ ಜಿಯೋಪಾರ್ಕ್ ಮನ್ನಣೆ ಕೊಡಲು ಆರಂಭಿಸಿತು. ಅದಕ್ಕೆ ಕಲ್ಲಿಗೆ ಬೇಲಿ ಹಾಕಿದರೆ ಸಾಲದು, ಸುತ್ತಲಿನ ಜನರ ಬದುಕೂ ಅದರೊಡನೆ ಸೇರಿರಬೇಕು. ನಮ್ಮಲ್ಲಿ ಫಲಕ ನೆಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆಯೇ ಹೆಚ್ಚು. ಊರಿನವರಿಗೆ ಮುದ್ದೆಯ ಲೆಕ್ಕದಲ್ಲಿ ಹೇಳುವ ಪುರುಸೊತ್ತು ಯಾರಿಗೂ ಇಲ್ಲ.

ಕಳೆದ ಸಲ ಗಾಳಿಗೆ ಹಾಳೆ ಹಾರುತ್ತಿದ್ದಾಗ ಆ ಯಜಮಾನರೇ ಬಂದು ಒಂದು ಮೂಲೆ ಹಿಡಿದು ಕೂತರು. ಪಕ್ಕದಲ್ಲೇ ನಾವು ಒಡೆದ ಜಾಗವಿತ್ತು, ಇನ್ನೂ ಹಸಿರುಗಪ್ಪಾಗಿ. “ಇದ್ಯಾರ ಕೆಲಸ?” ಎಂದು ಕೇಳಿದರು. ಹೇಳಿದೆ.